ಶಾಲೆಯ ಬಾಗಿಲಿಗೆ ಗೋದಾಮಿನ ಬೀಗ ಸಲ್ಲದು

ಕೊಡಗಿನ ಶಾಲಾ ಕಟ್ಟಡಗಳ ನವೀಕರಣದಲ್ಲಿ ಮಿತವ್ಯಯದ, ಬಹುಕಾಲ ಬಾಳುವ ದ್ವಾರ ಭದ್ರತೆ

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ ಹಾಗೂ ಪೊನ್ನಂಪೇಟೆಯ ಹಾರ್ಡ್‌ವೇರ್ ಮಳಿಗೆಗಳಿಗೆ ಶಾಲೆಗಳಿಂದ ಬೇಡಿಕೆ ಪಟ್ಟಿಗಳು ಬರತೊಡಗುತ್ತವೆ. ಛಾವಣಿಯ ಹೆಂಚು, ಸುಣ್ಣಬಣ್ಣ, ನೆಲದ ಟೈಲ್ಸ್, ಶೌಚಾಲಯದ ಸಾಮಗ್ರಿ ಮೊದಲಾದವು ಪಟ್ಟಿಯ ಮೇಲ್ಭಾಗದಲ್ಲಿರುತ್ತವೆ. ಕಟ್ಟಕಡೆಗೆ ಬಾಗಿಲುಗಳ ದುರಸ್ತಿ ಮತ್ತು ಬೀಗ ಎಂಬ ಒಂದೇ ಒಂದು ಸಾಲು ಇರುತ್ತದೆ. ಅಷ್ಟು ಹೊತ್ತಿಗೆ ಅನುದಾನದ ಬಹುಪಾಲು ಹಂಚಿಹೋಗಿರುತ್ತದೆ. ಉಳಿದ ಹಣಕ್ಕೆ ಒದಗುವ ಅಲ್‌ಡ್ರಾಪ್, ಒದಗುವ ನೇತುಬೀಗ ಬಾಗಿಲನ್ನೇರುತ್ತದೆ.

ಈ ಪದ್ಧತಿಯಿಂದ ಶಾಲೆಗೂ ನಷ್ಟ, ವರ್ತಕನಿಗೂ ನಷ್ಟ. ಎರಡು ಮಳೆಗಾಲ ಕಳೆಯುವುದರೊಳಗೆ ಚಿಲಕ ತುಕ್ಕು ಹಿಡಿಯುತ್ತದೆ, ಕದ ಉಬ್ಬಿ ಕಚ್ಚಿಕೊಳ್ಳುತ್ತದೆ, ಬೀಗದ ಕೈ ಕಳೆದುಹೋಗುತ್ತದೆ. ಆದರೆ ಹಣದ ನಷ್ಟಕ್ಕಿಂತ ದೊಡ್ಡ ಸಂಗತಿಯೊಂದು ಇಲ್ಲಿದೆ. ಶಾಲೆಯ ಬಾಗಿಲು ಅಪಾಯದ ಗಳಿಗೆಯಲ್ಲಿ ನೂರಾರು ಮಕ್ಕಳ ಪ್ರಾಣದ ದಾರಿ. ಆದುದರಿಂದ ಬಾಗಿಲನ್ನು ಪಟ್ಟಿಯ ಕೊನೆಯ ಸಾಲಿನಿಂದ ಮೇಲಕ್ಕೆತ್ತಿ, ಯೋಜನೆಯ ಆರಂಭದಲ್ಲಿಯೇ ಚಿಂತಿಸುವುದು ಅವಶ್ಯಕ.

ಎರಡು ಬಗೆಯ ಬಾಗಿಲು

ಕೊಡಗಿನ ವ್ಯಾಪಾರಸ್ಥರಿಗೆ ಗೋದಾಮಿನ ಬಾಗಿಲು ಚಿರಪರಿಚಿತ. ಕಾಫಿ, ಕರಿಮೆಣಸು, ಏಲಕ್ಕಿ ತುಂಬಿದ ಉಗ್ರಾಣಕ್ಕೆ ಹೊರಗಿನಿಂದ ದಪ್ಪ ಅಲ್‌ಡ್ರಾಪ್, ಅದಕ್ಕೊಂದು ಭಾರಿ ನೇತುಬೀಗ. ಅಲ್ಲಿ ಬಾಗಿಲಿನ ಕೆಲಸ ಒಂದೇ: ಹೊರಗಿನವರನ್ನು ತಡೆಯುವುದು. ಒಳಗಿರುವುದು ಸರಕು, ಸರಕಿಗೆ ಓಡುವ ಅಗತ್ಯವಿಲ್ಲ.

ಶಾಲೆಯ ಬಾಗಿಲಿಗೆ ಎರಡು ಕೆಲಸಗಳಿವೆ. ರಾತ್ರಿ ಮತ್ತು ರಜಾದಿನಗಳಲ್ಲಿ ಹೊರಗಿನವರನ್ನು ತಡೆಯಬೇಕು. ಒಳಗೆ ಮಕ್ಕಳಿರುವಾಗ ಅವರನ್ನು ಕ್ಷಣಮಾತ್ರದಲ್ಲಿ ಹೊರಬಿಡಬೇಕು. ಮೊದಲನೆಯದಕ್ಕೆ ಮಾತ್ರ ಗಮನ ಕೊಟ್ಟು ಎರಡನೆಯದನ್ನು ಮರೆತಲ್ಲಿ ದುರಂತ ಕಾದಿರುತ್ತದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯಿಂದ ಹಬ್ಬಿದ ಬೆಂಕಿಗೆ 94 ಮಕ್ಕಳು ಬಲಿಯಾದರು. ಕಟ್ಟಡ ಇಕ್ಕಟ್ಟಾಗಿತ್ತು, ತಪ್ಪಿಸಿಕೊಳ್ಳಲು ತಕ್ಕ ದಾರಿ ಇರಲಿಲ್ಲ. ಇದಕ್ಕೆ ಮುನ್ನ, 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಮಡಿದಾಗ, ಮುಚ್ಚಿದ್ದ ನಿರ್ಗಮನ ದಾರಿಗಳ ಪ್ರಶ್ನೆ ನ್ಯಾಯಾಲಯಗಳ ಮುಂದೆ ದೀರ್ಘಕಾಲ ಚರ್ಚೆಗೆ ಬಂದಿತ್ತು.

ಕುಂಭಕೋಣದ ದುರಂತದ ಹಿನ್ನೆಲೆಯಲ್ಲಿ ದಾಖಲಾದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್ 13ರಂದು ತೀರ್ಪಿತ್ತು, ಶಾಲಾ ಕಟ್ಟಡಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯ ಸುರಕ್ಷತಾ ನಿಯಮಗಳಿಗೆ ಅನುಗುಣವಾಗಿರಬೇಕೆಂದು ಸೂಚಿಸಿತು. ಈ ಸಂಹಿತೆಯ 2016ರ ಆವೃತ್ತಿಯ ಪ್ರಕಾರ ನಿರ್ಗಮನ ದ್ವಾರದ ಅಗಲ 1000 ಮಿ.ಮೀ.ಗಿಂತ, ಎತ್ತರ 2000 ಮಿ.ಮೀ.ಗಿಂತ ಕಡಿಮೆಯಿರಕೂಡದು. ಅದು ಹೊರಮುಖವಾಗಿ ತೆರೆಯಬೇಕು. ಹಾಗೆ ತೆರೆದಾಗ ಓಡಾಟದ ದಾರಿಗೆ ಅಡ್ಡವಾಗಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಒಳಗಿನಿಂದ ಹೊರಬರುವವರು ಕೀಲಿಯಿಲ್ಲದೆ ಅದನ್ನು ತೆರೆಯುವಂತಿರಬೇಕು.

ಈ ಕೊನೆಯ ನಿಯಮವೇ ಶಾಲೆಯ ಬೀಗದ ಖರೀದಿಗೆ ತಳಹದಿ. ಉಳಿದ ಗುಣಗಳೆಲ್ಲವೂ ಇದರ ನಂತರ.

ಹಾರ್ಡ್‌ವೇರ್ ಅಂಗಡಿಯಲ್ಲಿ ಹುಟ್ಟಿದ ಸಾಧನ

ಒಳಗಿನಿಂದ ದೂಡಿದೊಡನೆ ತೆರೆಯುವ ಅಡ್ಡಪಟ್ಟಿ, ಅಂದರೆ ಪ್ಯಾನಿಕ್ ಬಾರ್, ಇಂದು ಆಸ್ಪತ್ರೆ, ಮಾಲ್‌ಗಳಲ್ಲಿ ಸಾಮಾನ್ಯ. ಇದರ ಮೂಲದಲ್ಲಿ ಒಬ್ಬ ಹಾರ್ಡ್‌ವೇರ್ ವ್ಯಾಪಾರಿಯ ಕಳಕಳಿ ಇದೆ ಎಂಬುದು ವರ್ತಕ ಸಮುದಾಯಕ್ಕೆ ಹೆಮ್ಮೆಯ ವಿಷಯ. 1903ರ ಡಿಸೆಂಬರ್ 30ರಂದು ಅಮೆರಿಕದ ಷಿಕಾಗೋ ನಗರದ ಇರೋಕ್ವಾ ರಂಗಮಂದಿರದಲ್ಲಿ ಬೆಂಕಿ ಬಿದ್ದು 600ಕ್ಕೂ ಅಧಿಕ ಜನ ಸತ್ತರು. ಅವರಲ್ಲಿ ಮಹಿಳೆಯರು ಮತ್ತು ಮಕ್ಕಳೇ ಹೆಚ್ಚು. ಬಾಗಿಲುಗಳನ್ನು ತೆರೆಯುವ ಬಗೆ ತಿಳಿಯದೆ ಅನೇಕರು ಅವುಗಳ ಬಳಿಯಲ್ಲಿಯೇ ಪ್ರಾಣ ಬಿಟ್ಟಿದ್ದರು.

ಇಂಡಿಯಾನಾಪೊಲಿಸ್‌ನ ವಾನೆಗಟ್ ಹಾರ್ಡ್‌ವೇರ್ ಕಂಪನಿಯಲ್ಲಿದ್ದ ಕಾರ್ಲ್ ಪ್ರಿಂಜ್ಲರ್ ಅಂದು ಅದೇ ಪ್ರದರ್ಶನಕ್ಕೆ ಹೋಗಬೇಕಿತ್ತು. ವ್ಯವಹಾರದ ಕೆಲಸದಿಂದಾಗಿ ಹೋಗಲಿಲ್ಲ. ಬದುಕುಳಿದ ಆತ ಹೆನ್ರಿ ಡ್ಯುಪಾಂಟ್ ಎಂಬ ವಾಸ್ತುಶಿಲ್ಪಿಯೊಡನೆ ಕೂಡಿ ಹೊಸ ಬಗೆಯ ಚಿಲಕವನ್ನು ರೂಪಿಸಿದ. 1908ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಹೊರಗಿನಿಂದ ಭದ್ರ, ಒಳಗಿನಿಂದ ಮಗುವೂ ತೆರೆಯಬಲ್ಲದು: ಇಪ್ಪತ್ತನೆಯ ಶತಮಾನದ ಆರಂಭದ ಈ ತತ್ತ್ವ ಇಂದಿನ ವಿದ್ಯುನ್ಮಾನ ಬೀಗಗಳಿಗೂ ಅನ್ವಯಿಸುತ್ತದೆ.

ಮಳೆಗೆ ಉಬ್ಬುವ ಮರ, ತೇವಕ್ಕೆ ಸೋಲುವ ಕಬ್ಬಿಣ

ಬಯಲುಸೀಮೆಯಲ್ಲಿ ಹತ್ತು ವರ್ಷ ಬಾಳುವ ಬಾಗಿಲು ಕೊಡಗಿನಲ್ಲಿ ಅಷ್ಟೇ ಬಾಳುತ್ತದೆಂಬ ಭರವಸೆಯಿಲ್ಲ. ಮಡಿಕೇರಿಯಲ್ಲಿ ವಾರ್ಷಿಕ ಮಳೆ 3000 ಮಿ.ಮೀ. ದಾಟುತ್ತದೆ, ಭಾಗಮಂಡಲ, ತಲಕಾವೇರಿಯ ಕಡೆ ಇನ್ನೂ ಹೆಚ್ಚು. ಕುಶಾಲನಗರದತ್ತ ಇಳಿದಂತೆ ಮಳೆ ಬಹುವಾಗಿ ತಗ್ಗುತ್ತದೆ. ಒಂದೇ ಜಿಲ್ಲೆಯೊಳಗೆ ಇಷ್ಟು ವ್ಯತ್ಯಾಸವಿರುವಾಗ ಎಲ್ಲ ಶಾಲೆಗಳಿಗೂ ಒಂದೇ ಮಾದರಿಯ ಬಾಗಿಲನ್ನು ನಿಗದಿಪಡಿಸುವುದು ವಿವೇಕವಲ್ಲ.

ಇಲ್ಲಿನ ಬಡಗಿಗಳೆಲ್ಲರೂ ಬಲ್ಲ ಅನುಭವವೊಂದಿದೆ. ಸರಿಯಾಗಿ ಒಣಗದ ಮರದ ಕದ ಜೂನ್ ತಿಂಗಳಲ್ಲಿ ಉಬ್ಬುತ್ತದೆ. ಮುಚ್ಚಲು ಬಾರದೆಂದು ಅಂಚನ್ನು ಹತ್ತರಿ ಹೊಡೆಯುತ್ತಾರೆ. ಮಾರ್ಚ್ ತಿಂಗಳ ಬಿಸಿಲಿಗೆ ಅದೇ ಕದ ಕುಗ್ಗಿ ಸಂದು ಬಿಡುತ್ತದೆ. ಬೀಗದ ನಾಲಿಗೆ ಚೌಕಟ್ಟಿನ ತೂತನ್ನು ತಲುಪುವುದಿಲ್ಲ. ಆಗ ಬೀಗ ಕೆಟ್ಟಿದೆಯೆಂದು ಹೊಸ ಬೀಗ ತರುತ್ತಾರೆ. ಕೆಟ್ಟದ್ದು ಬೀಗವಲ್ಲ, ಮರ. ಆದುದರಿಂದ ಭದ್ರತೆಯ ಖರ್ಚು ಮೊದಲು ಸಲ್ಲಬೇಕಾದದ್ದು ಚೌಕಟ್ಟಿಗೆ, ಕದಕ್ಕೆ, ಬಿಜಾಗರಿಗೆ; ಬೀಗದ ಸರದಿ ಆಮೇಲೆ.

ಹಳೆಯ ಕಟ್ಟಡಗಳಲ್ಲಿ ತೇಗ, ಹಲಸು, ಬೀಟೆಯ ಚೌಕಟ್ಟುಗಳು ಇನ್ನೂ ಗಟ್ಟಿಯಾಗಿರುವುದುಂಟು. ಅವನ್ನು ಕಿತ್ತೆಸೆದು ಅಗ್ಗದ ಹೊಸ ಚೌಕಟ್ಟು ಇಡುವುದು ಲಾಭವಲ್ಲ. ಗೆದ್ದಲು ಹಿಡಿಯದ ಹಳೆಯ ಚೌಕಟ್ಟನ್ನು ಉಳಿಸಿ, ಕದವನ್ನು ಮಾತ್ರ ಬದಲಿಸಬಹುದು. ಹೊಸದಾಗಿ ಇಡುವಲ್ಲಿ ಮಳೆಯ ಎರಚಲಿಗೆ ಸಿಗುವ ಜಾಗಗಳಿಗೆ ಸತುಲೇಪಿತ ಉಕ್ಕಿನ ಚೌಕಟ್ಟು ಯೋಗ್ಯ. ತೋಟಗಳಲ್ಲಿ ಹೇರಳವಾಗಿ ಬೆಳೆಯುವ ಸಿಲ್ವರ್ ಓಕ್ ಒಳಗಿನ ಕಪಾಟು, ಮೇಜುಗಳಿಗೆ ಒದಗಬಹುದು. ಹೊರಬಾಗಿಲ ಚೌಕಟ್ಟಿಗೆ ಅದು ತಕ್ಕುದಲ್ಲ. ಕದಕ್ಕೆ ಬಣ್ಣ ಹಚ್ಚುವಾಗ ಎರಡು ಮೈಗಳಿಗೆ ಮಾತ್ರವಲ್ಲದೆ ನಾಲ್ಕು ಅಂಚುಗಳಿಗೂ, ಮುಖ್ಯವಾಗಿ ಕಣ್ಣಿಗೆ ಕಾಣದ ಕೆಳ ಅಂಚಿಗೂ ಹಚ್ಚಬೇಕು. ನೀರು ಹೀರುವುದು ಅಲ್ಲಿಂದಲೇ.

ಲೋಹದ ಸಾಮಗ್ರಿಯಲ್ಲಿ ಸ್ಟೇನ್‌ಲೆಸ್ ಎಂಬ ಹೆಸರೊಂದೇ ಸಾಲದು. 202 ದರ್ಜೆಯ ಉಕ್ಕು ತೇವದ ಹವೆಯಲ್ಲಿ ಬೇಗನೆ ಮಚ್ಚೆ ಕಟ್ಟುತ್ತದೆ. 304 ದರ್ಜೆಯದು ತಡೆಯುತ್ತದೆ. ಸುಮಾರು ಏಳಡಿ ಎತ್ತರದ ಭಾರವಾದ ಕದಕ್ಕೆ ಎರಡರ ಬದಲು ಮೂರು ಬಿಜಾಗರಿ ಹಾಕಿದಲ್ಲಿ ಕದ ಜೋತು ಬೀಳುವುದಿಲ್ಲ. ಒಂದು ಬಿಜಾಗರಿಯ ಹೆಚ್ಚುವರಿ ಬೆಲೆ ಮುಂದೆ ಒಂದು ದಿನದ ಬಡಗಿ ಕೂಲಿಯನ್ನು ಉಳಿಸುತ್ತದೆ.

ಬೀಗದ ಕೈ ಯಾರ ಬಳಿ?

2018ರ ಆಗಸ್ಟ್ ತಿಂಗಳು ಕೊಡಗು ಮರೆಯುವಂತಹುದಲ್ಲ. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲ ಮುಂತಾದೆಡೆ ಗುಡ್ಡ ಕುಸಿದು, ಮನೆ ತೊರೆದ ಕುಟುಂಬಗಳಿಗೆ ಶಾಲೆ, ಸಮುದಾಯ ಭವನಗಳೇ ಆಸರೆಯಾದವು. ಮರುವರ್ಷ, 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಹರಿದಾಗ ನೆಲ್ಯಹುದಿಕೇರಿ, ಕರಡಿಗೋಡು ಭಾಗದ ನದಿದಡದ ನಿವಾಸಿಗಳೂ ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತು. ಕೊಡಗಿನಲ್ಲಿ ಶಾಲೆಯೆಂದರೆ ಪಾಠದ ಸ್ಥಳ ಮಾತ್ರವಲ್ಲ. ಚುನಾವಣೆಯಲ್ಲಿ ಮತಗಟ್ಟೆ, ವಿಪತ್ತಿನಲ್ಲಿ ಆಶ್ರಯ.

ಇಂತಹ ಕಟ್ಟಡವನ್ನು ಮಳೆಗಾಲದ ನಡುರಾತ್ರಿ ತೆರೆಯಬೇಕಾದಾಗ ಬೀಗದ ಕೈ ಯಾರ ಬಳಿ ಇರುತ್ತದೆ? ಮುಖ್ಯೋಪಾಧ್ಯಾಯರು ಹತ್ತಾರು ಮೈಲಿ ದೂರದ ಊರಿನಲ್ಲಿರಬಹುದು, ರಸ್ತೆ ಮುಚ್ಚಿರಬಹುದು, ದೂರವಾಣಿ ಸ್ತಬ್ಧವಾಗಿರಬಹುದು. ಭದ್ರತೆಯ ಯೋಜನೆಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲೇಬೇಕು.

ಹತ್ತು ತರಗತಿ, ಒಂದು ಕಚೇರಿ, ಒಂದು ಉಗ್ರಾಣವುಳ್ಳ ಶಾಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹನ್ನೆರಡು ಬಾಗಿಲಿಗೆ ಹನ್ನೆರಡು ಬೇರೆ ಬೇರೆ ನೇತುಬೀಗ, ಪ್ರತಿಯೊಂದಕ್ಕೂ ಮೂರು ಕೀಲಿ: ಒಟ್ಟು 36 ಕೀಲಿಗಳು. ಯಾವುದು ಯಾವ ಬಾಗಿಲಿನದೆಂಬುದು ಒಬ್ಬ ಜವಾನನ ನೆನಪಿನಲ್ಲಿ ಮಾತ್ರ. ಇದರ ಬದಲು ಹತ್ತು ತರಗತಿಗಳಿಗೂ ಒಂದೇ ಕೀಲಿಯಿಂದ ತೆರೆಯುವ ಬೀಗಗಳನ್ನು ಕಾರ್ಖಾನೆಯಿಂದಲೇ ತರಿಸಬಹುದು. ಕಚೇರಿ, ಉಗ್ರಾಣಕ್ಕೆ ಪ್ರತ್ಯೇಕ ಕೀಲಿ. ಆಗ ಶಾಲೆಯಲ್ಲಿರುವುದು ಮೂರು ಬಗೆಯ ಕೀಲಿ ಮಾತ್ರ. ತರಗತಿಯ ಕೀಲಿಯ ಒಂದು ಪ್ರತಿಯನ್ನು ಶಾಲೆಯ ಸಮೀಪದಲ್ಲಿಯೇ ವಾಸಿಸುವ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರೊಬ್ಬರಲ್ಲಿಯೂ, ಇನ್ನೊಂದನ್ನು ಗ್ರಾಮ ಪಂಚಾಯಿತಿಯಲ್ಲಿಯೂ ಸಹಿ ಪಡೆದು ಇಡುವ ಏರ್ಪಾಡು ಸುಲಭ. ಇದಕ್ಕೆ ತಗಲುವ ಖರ್ಚು ಒಂದು ರಿಜಿಸ್ಟರ್ ಪುಸ್ತಕ.

ನೇತುಬೀಗವನ್ನೇ ಮುಂದುವರಿಸುವ ಶಾಲೆಗಳೂ ಒಂದು ರೂಢಿಯನ್ನು ಪಾಲಿಸಬಹುದು. ಬೆಳಗ್ಗೆ ಬಾಗಿಲು ತೆರೆದ ಮೇಲೆ ಅಲ್‌ಡ್ರಾಪ್ ತೆರೆದ ಸ್ಥಿತಿಯಲ್ಲಿರುವಂತೆಯೇ ಅದಕ್ಕೆ ಬೀಗ ಹಾಕಿಡುವುದು. ಹೀಗೆ ಮಾಡಿದಲ್ಲಿ ತುಂಟ ಹುಡುಗರಾಗಲಿ, ದುರುದ್ದೇಶದವರಾಗಲಿ ಹೊರಗಿನಿಂದ ಚಿಲಕ ಜಡಿಯಲಾರರು, ಬೀಗವೂ ಕಳೆಯುವುದಿಲ್ಲ. ಅಲ್‌ಡ್ರಾಪ್ ಕೂರಿಸುವಾಗಲೇ ತೆರೆದ ಸ್ಥಿತಿಗೂ ಒಂದು ಕೊಂಡಿ ಇರುವಂತೆ ಬಡಗಿಗೆ ಹೇಳಿದರೆ ಸಾಕು.

ಎಲ್ಲ ಬಾಗಿಲಿಗೂ ಒಂದೇ ಖರ್ಚು ಬೇಡ

ಮಿತವ್ಯಯವೆಂದರೆ ಎಲ್ಲ ಕಡೆಯೂ ಅಗ್ಗದ ಸಾಮಗ್ರಿ ಹಾಕುವುದಲ್ಲ, ಅಗತ್ಯವಿದ್ದಲ್ಲಿ ಮಾತ್ರ ಖರ್ಚು ಮಾಡುವುದು. ಶಾಲೆಯ ಬಾಗಿಲುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಬೆಲೆಬಾಳುವ ವಸ್ತುಗಳ ಕೋಣೆ. ಕಂಪ್ಯೂಟರ್, ಪ್ರೊಜೆಕ್ಟರ್, ದಾಖಲೆಗಳನ್ನು ಒಂದೇ ಭದ್ರ ಕೋಣೆಯಲ್ಲಿಟ್ಟರೆ ಉತ್ತಮ ದರ್ಜೆಯ ಬಾಗಿಲು ಒಂದೇ ಸಾಕಾಗುತ್ತದೆ. ಆದರೆ ಬಾಗಿಲು ಎಷ್ಟೇ ಗಟ್ಟಿಯಾಗಿದ್ದರೂ ಕಿಟಕಿಯ ಸರಳು ಸಡಿಲವಿದ್ದರೆ, ಮಂಗಳೂರು ಹೆಂಚಿನ ಕೆಳಗೆ ತಾರಸಿಯಾಗಲಿ ಕಬ್ಬಿಣದ ಜಾಲರಿಯಾಗಲಿ ಇಲ್ಲದಿದ್ದರೆ, ಆ ಖರ್ಚು ವ್ಯರ್ಥ. ಕಳ್ಳನು ಬಾಗಿಲನ್ನೇ ಹುಡುಕಿಕೊಂಡು ಬರುವುದಿಲ್ಲ.

ಎರಡನೆಯದು, ಅಕ್ಷರ ದಾಸೋಹದ ಅಡುಗೆಮನೆ ಮತ್ತು ದಾಸ್ತಾನು ಕೋಣೆ. ಇಲ್ಲಿಗೆ ಇಲಿಹೆಗ್ಗಣ ನುಸುಳದಂತೆ ಕೆಳಗೆ ತಗಡು ಹೊದಿಸಿದ ಕದ ಬೇಕು. ಸಿದ್ದಾಪುರ, ತಿತಿಮತಿ ಮೊದಲಾದ ಕಡೆಗಳಲ್ಲಿ ಕಾಡಾನೆಗಳ ಸಂಚಾರವಿದೆ. ಅಕ್ಕಿಯ ವಾಸನೆ ಹಿಡಿದು ಬಂದ ಆನೆಯನ್ನು ತಡೆಯುವ ಬಾಗಿಲು ಯಾವ ಅಂಗಡಿಯಲ್ಲಿಯೂ ದೊರೆಯದು. ಅಲ್ಲಿ ದಾಸ್ತಾನನ್ನು ಮಿತಗೊಳಿಸುವುದೇ ಜಾಣತನ.

ಮೂರನೆಯದು, ತರಗತಿಗಳು. ಇಲ್ಲಿ ಅಗಲ, ಹೊರಮುಖವಾದ ತೆರೆಯುವಿಕೆ ಮತ್ತು ಒಳಗಿನಿಂದ ಸುಲಭವಾಗಿ ತಿರುಗುವ ಹಿಡಿಕೆ ಮುಖ್ಯ. ಅಂಗವಿಕಲ ಮಕ್ಕಳ ಗಾಲಿಕುರ್ಚಿ ಸಾಗಲು ಕನಿಷ್ಠ 900 ಮಿ.ಮೀ. ತೆರಪು ಬೇಕು, ಎತ್ತರದ ಹೊಸ್ತಿಲು ಬೇಡ. ದುಂಡು ಗುಬ್ಬಿಗಿಂತ ಕೆಳಕ್ಕೆ ಒತ್ತುವ ಉದ್ದ ಹಿಡಿಕೆ ಪುಟ್ಟ ಕೈಗಳಿಗೂ ಅನುಕೂಲ.

ನಾಲ್ಕನೆಯದು, ಮಕ್ಕಳು ರಾತ್ರಿ ತಂಗುವ ಕೋಣೆಗಳು. ಜಿಲ್ಲೆಯಲ್ಲಿ ಗಾಳಿಬೀಡಿನ ಜವಾಹರ್ ನವೋದಯ ವಿದ್ಯಾಲಯ, 2007ರಲ್ಲಿ ಆರಂಭವಾದ ಕೂಡಿಗೆಯ ಸೈನಿಕ ಶಾಲೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಹಾಡಿಗಳ ಮಕ್ಕಳಿಗಾಗಿ ಇರುವ ಆಶ್ರಮ ಶಾಲೆಗಳು ಹೀಗೆ ವಸತಿ ವಿದ್ಯಾಸಂಸ್ಥೆಗಳು ಹಲವಿವೆ. ಮಲಗುವ ಕೋಣೆಗೆ ಹೊರಗಿನಿಂದ ಬೀಗ ಜಡಿಯುವುದು ಯಾವ ಕಾರಣಕ್ಕೂ ಸಲ್ಲದು. ಕಿಟಕಿಗಳಿಗೆ ಸರಳು ಹಾಕುವಾಗ ಕೋಣೆಗೊಂದು ಕಿಟಕಿಯ ಸರಳು ಚೌಕಟ್ಟನ್ನು ಬಿಜಾಗರಿಯ ಮೇಲೆ ಕೂರಿಸಿ, ಒಳಗಿನಿಂದ ತೆರೆಯುವಂತೆ ಮಾಡುವುದು ಕ್ಷೇಮಕರ. ಇದು ಊರಿನ ವೆಲ್ಡಿಂಗ್ ಶಾಪಿನಲ್ಲಿಯೇ ಆಗುವ ಕೆಲಸ.

ನಾಳೆಗೆ ಇಂದಿನ ಸಿದ್ಧತೆ

ಕಾರ್ಡ್, ಬೆರಳಚ್ಚು, ಸಂಕೇತ ಸಂಖ್ಯೆಗಳಿಂದ ತೆರೆಯುವ ಬೀಗಗಳು ಇಂದು ಸಣ್ಣ ಪಟ್ಟಣಗಳ ಮಳಿಗೆಗಳಿಗೂ ಬಂದಿವೆ. ಅವನ್ನು ಈಗಲೇ ಹಾಕಬೇಕೇ ಎಂಬ ಪ್ರಶ್ನೆ ಆಡಳಿತ ಮಂಡಳಿಗಳನ್ನು ಕಾಡುವುದು ಸಹಜ. ಬಹುಪಾಲು ಶಾಲೆಗಳಿಗೆ ಉತ್ತರ: ಬೀಗ ಈಗ ಬೇಡ, ಅದಕ್ಕೆ ಬೇಕಾದ ದಾರಿ ಮಾತ್ರ ಈಗಲೇ ಇರಲಿ.

ವಿದ್ಯುನ್ಮಾನ ಸಾಧನ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಗೋಡೆ ಮತ್ತು ಚೌಕಟ್ಟು ದಶಕಗಳ ಕಾಲ ಉಳಿಯುತ್ತವೆ. ಗೋಡೆ ಒಡೆದಿರುವಾಗಲೇ ಮುಖ್ಯದ್ವಾರ, ಕಚೇರಿ ಮತ್ತು ಕಂಪ್ಯೂಟರ್ ಕೋಣೆಯ ಚೌಕಟ್ಟಿನವರೆಗೆ ಖಾಲಿ ಪಿ.ವಿ.ಸಿ. ಕಾಂಡ್ಯೂಟ್ ಪೈಪನ್ನು ಹುಗಿದು, ಒಳಗೊಂದು ಎಳೆತಂತಿ ಬಿಟ್ಟು, ಕೊನೆಯಲ್ಲಿ ಮುಚ್ಚಳವಿರುವ ಬಾಕ್ಸ್ ಇಟ್ಟರೆ ಸಾಕು. ಗಿಲಾವು ಮುಗಿದ ಮೇಲೆ ಇದೇ ಕೆಲಸಕ್ಕೆ ಗೋಡೆ ಕೊರೆದು, ಮತ್ತೆ ಗಿಲಾವು ಮಾಡಿ, ಮತ್ತೆ ಬಣ್ಣ ಹಚ್ಚಬೇಕಾಗುತ್ತದೆ.

ಬೀಗದ ಆಯ್ಕೆಯಲ್ಲಿಯೂ ದೂರದೃಷ್ಟಿ ಬೇಕು. ಕದದೊಳಗೆ ಕೂರುವ ಮಾರ್ಟೈಸ್ ಬೀಗವನ್ನು ಕೊಳ್ಳುವಾಗ ಅದರ ಕೀಲಿಯ ಸಿಲಿಂಡರ್ ಪ್ರತ್ಯೇಕವಾಗಿ ಬಿಚ್ಚಿ ಬದಲಿಸುವಂತಿರಬೇಕು. ಕೀಲಿ ಕಳೆದಾಗ ಇಡೀ ಬೀಗವನ್ನು ಎಸೆಯದೆ ಸಿಲಿಂಡರನ್ನಷ್ಟೇ ಬದಲಿಸಬಹುದು. ಹಿಡಿಕೆಯ ಕೇಂದ್ರದಿಂದ ಕೀಲಿ ಸಿಲಿಂಡರಿನ ಕೇಂದ್ರದವರೆಗಿನ ಅಂತರ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿರುವ 85 ಮಿ.ಮೀ. ಅಳತೆಯದಾಗಿದ್ದರೆ ಮುಂದೆ ಬೇರೆ ತಯಾರಕರ ಬೀಗವೂ ಅದೇ ತೂತಿಗೆ ಹೊಂದುವ ಸಂಭವ ಹೆಚ್ಚು. ಎರಡೂ ಬದಿಗೆ ಕೀಲಿ ಬೇಕಾಗುವ ಸಿಲಿಂಡರ್ ಶಾಲೆಗೆ ಸಲ್ಲದು. ಹೊರಬದಿಗೆ ಕೀಲಿ, ಒಳಬದಿಗೆ ತಿರುಗಿಸುವ ಗುಬ್ಬಿ ಇರುವುದನ್ನೇ ಕೇಳಿ ಪಡೆಯಬೇಕು.

ಇನ್ನು ವಿದ್ಯುತ್ತಿನ ಮಾತು. ಮಳೆಗಾಲದಲ್ಲಿ ಮರ ಬಿದ್ದು ಕೊಡಗಿನ ಹಳ್ಳಿಗಳಲ್ಲಿ ದಿನಗಟ್ಟಲೆ ವಿದ್ಯುತ್ ನಿಲ್ಲುವುದುಂಟು. ಅಯಸ್ಕಾಂತದಿಂದ ಹಿಡಿದಿಡುವ ಬೀಗ ವಿದ್ಯುತ್ ಹೋದೊಡನೆ ಬಿಟ್ಟುಕೊಳ್ಳುತ್ತದೆ. ಮಕ್ಕಳ ಪ್ರಾಣರಕ್ಷಣೆಯ ದೃಷ್ಟಿಯಿಂದ ಇದು ಸರಿ. ಆದರೆ ಬ್ಯಾಟರಿಯೂ ಮುಗಿದ ರಾತ್ರಿ ಕಂಪ್ಯೂಟರ್ ಕೋಣೆ ತೆರೆದೇ ಇರುತ್ತದೆ. ಆದಕಾರಣ ವಿದ್ಯುನ್ಮಾನ ಬೀಗ ಹಾಕಿದಲ್ಲಿಯೂ ಶಾಲೆ ಮುಚ್ಚಿದ ಮೇಲೆ ಹಾಕಲು ಯಾಂತ್ರಿಕ ಬೀಗವೊಂದು ಇರಲೇಬೇಕು. 2023ರ ಡಿಸೆಂಬರ್ 1ರಂದು ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಹುಸಿ ಬಾಂಬ್ ಬೆದರಿಕೆಯ ಇ-ಮೇಲ್ ಬಂದಾಗ ಮೊದಲ ಕೆಲಸವೆಂದರೆ ಮಕ್ಕಳನ್ನು ಹೊರತರುವುದೇ ಆಗಿತ್ತು. ಯಾವ ತಂತ್ರಜ್ಞಾನವೂ ಆ ಕೆಲಸಕ್ಕೆ ಅಡ್ಡಬರಕೂಡದು.

ಅಂದಾಜು ಪಟ್ಟಿಯ ಭಾಷೆ

ಉತ್ತಮ ಬೀಗ ಎಂದು ಬರೆದ ಅಂದಾಜು ಪಟ್ಟಿಗೆ ಅತ್ಯಂತ ಅಗ್ಗದ ಬೀಗವೇ ಬರುತ್ತದೆ. ಗುಣಮಟ್ಟವನ್ನು ಅಳೆಯುವಂತೆ ಬರೆದಲ್ಲಿ ಪ್ರಾಮಾಣಿಕ ವರ್ತಕನೂ ಸ್ಪರ್ಧೆಯಲ್ಲಿ ಉಳಿಯಬಲ್ಲ. ಭಾರತೀಯ ಮಾನಕ ಬ್ಯೂರೋದ ಸಂಖ್ಯೆಗಳು ಇದಕ್ಕೆ ನೆರವಾಗುತ್ತವೆ: ಗಟ್ಟಿ ತಿರುಳಿನ ಫ್ಲಷ್ ಕದಕ್ಕೆ ಐ.ಎಸ್. 2202, ಉಕ್ಕಿನ ಚೌಕಟ್ಟಿಗೆ ಐ.ಎಸ್. 4351, ಉಕ್ಕಿನ ಬಿಜಾಗರಿಗೆ ಐ.ಎಸ್. 1341, ಟವರ್ ಬೋಲ್ಟ್‌ಗೆ ಐ.ಎಸ್. 204, ಮಾರ್ಟೈಸ್ ಬೀಗಕ್ಕೆ ಐ.ಎಸ್. 2209. ಸರ್ಕಾರಿ ಶಾಲೆಗಳ ಖರೀದಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999 ಅನ್ವಯಿಸುವುದರಿಂದ, ಕಂಪನಿಯ ಹೆಸರಿಗಿಂತ ಮಾನಕ ಸಂಖ್ಯೆ, ಅಳತೆ ಮತ್ತು ಲೋಹದ ದರ್ಜೆಯನ್ನು ನಮೂದಿಸುವುದು ನ್ಯಾಯಸಮ್ಮತವೂ ಹೌದು.

ಬೀಗಗಳು ಅಲಿಗಢದಿಂದಲೋ, 2019ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆದ ದಿಂಡಿಗಲ್‌ನಿಂದಲೋ ಬರಬಹುದು. ಆದರೆ ಚೌಕಟ್ಟು, ಕದ, ಸರಳು, ಜೋಡಣೆ, ನಿರ್ವಹಣೆ ಈ ಎಲ್ಲವೂ ಜಿಲ್ಲೆಯ ಬಡಗಿಗಳು, ಫ್ಯಾಬ್ರಿಕೇಟರ್‌ಗಳು ಮತ್ತು ಮಳಿಗೆಗಳಿಗೆ ಸಲ್ಲಬೇಕಾದ ವ್ಯವಹಾರ. ಸಾಮಗ್ರಿ ಮಾರಿ ಕೈತೊಳೆದುಕೊಳ್ಳುವ ಬದಲು ವರ್ಷಕ್ಕೆರಡು ಬಾರಿ, ಮೇ ಅಂತ್ಯದಲ್ಲಿ ಮತ್ತು ದಸರಾ ರಜೆಯಲ್ಲಿ, ಎಣ್ಣೆ ಹಾಕಿ, ತಿರುಪು ಬಿಗಿದು, ಕೀಲಿ ಪರೀಕ್ಷಿಸುವ ನಿರ್ವಹಣಾ ಒಪ್ಪಂದವನ್ನೂ ದರಪಟ್ಟಿಯಲ್ಲಿ ಸೇರಿಸಬಹುದು. ಶಾಲೆಗೆ ಇದು ಸಣ್ಣ ವೆಚ್ಚ, ವರ್ತಕನಿಗೆ ಸ್ಥಿರ ಗಿರಾಕಿ.

ಋತುಮಾನದ ಲೆಕ್ಕ

ರಾಜ್ಯದ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಅಂತ್ಯದವರೆಗೆ ಸುಮಾರು ಏಳು ವಾರ ರಜೆ. ಜೂನ್ ಆರಂಭದಲ್ಲಿ ಮಳೆ ಕಾಲಿಡುತ್ತದೆ. ಈ ಏಳು ವಾರಗಳಲ್ಲಿ ಅಳತೆ, ತಯಾರಿ, ಜೋಡಣೆ, ಬಣ್ಣ ಎಲ್ಲವೂ ಮುಗಿಯಬೇಕೆಂದರೆ ಮರವನ್ನು ಒಣಗಿಸಲು ವೇಳೆಯೇ ಸಿಗುವುದಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೂಲಿಯಾಳುಗಳ ಅಭಾವ ಬೇರೆ. ಆದುದರಿಂದ ಅಳತೆ ಮತ್ತು ಆದೇಶ ಡಿಸೆಂಬರ್–ಜನವರಿಯಲ್ಲಿ, ಕದಗಳ ತಯಾರಿ ಫೆಬ್ರವರಿ–ಮಾರ್ಚ್‌ನಲ್ಲಿ, ಜೋಡಣೆ ಮಾತ್ರ ರಜೆಯಲ್ಲಿ ಎಂಬ ಕ್ರಮವನ್ನು ಶಾಲೆಗಳಿಗೆ ಮನವರಿಕೆ ಮಾಡಿಕೊಡುವ ಹೊಣೆ ಪೂರೈಕೆದಾರರದೂ ಆಗಿದೆ.

ಹಣ ಸಾಲದಿದ್ದಲ್ಲಿ ಕೆಲಸವನ್ನು ಮೂರು ವರ್ಷಗಳಿಗೆ ಹಂಚಬಹುದು. ಮೊದಲ ವರ್ಷ ನಿರ್ಗಮನ ದ್ವಾರಗಳು, ಮಲಗುವ ಕೋಣೆಗಳು ಹಾಗೂ ಕಾಂಡ್ಯೂಟ್. ಎರಡನೆಯ ವರ್ಷ ಉಗ್ರಾಣ ಮತ್ತು ಕಚೇರಿ. ಮೂರನೆಯ ವರ್ಷ ಉಳಿದ ತರಗತಿಗಳ ಕದಗಳು. ವಿದ್ಯುನ್ಮಾನ ಸಾಧನಗಳು ಇವೆಲ್ಲವೂ ಮುಗಿದ ಮೇಲೆ.

ಕೆಲಸ ಮುಗಿದ ದಿನ ಒಂದು ಸರಳ ಪರೀಕ್ಷೆ ನಡೆಸುವುದು ಒಳಿತು. ಶಾಲೆಯ ಅತ್ಯಂತ ಕಿರಿಯ ತರಗತಿಯ ಮಗುವೊಂದು, ಯಾರ ನೆರವೂ ಇಲ್ಲದೆ, ಕೀಲಿಯಿಲ್ಲದೆ, ಒಳಗಿನಿಂದ ಬಾಗಿಲು ತೆರೆದು ಹೊರಬರಬಲ್ಲುದೇ ಎಂದು ನೋಡಬೇಕು. ತೆರೆಯಲಾರದಿದ್ದಲ್ಲಿ ಬೀಗದ ಬೆಲೆ ಎಷ್ಟೇ ಇರಲಿ, ಆ ಕೆಲಸಕ್ಕೆ ಅಂತಿಮ ಬಿಲ್ಲು ಬರೆಯುವ ಕಾಲ ಇನ್ನೂ ಬಂದಿಲ್ಲವೆಂದೇ ತಿಳಿಯತಕ್ಕದ್ದು.